‘ಮಲಬಾರ್’ ಹಡಗಿನ ವೃತ್ತಾಂತ

ಪ್ರತಿವರ್ಷವೂ ಅಕ್ಟೋಬರ ತಿಂಗಳು ಬಂತೆಂದರೆ ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಒಂದು ಪಾಠವನ್ನು ಹೇಳುವ ವಾಡಿಕೆಯುಂಟು. 1834ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮೂವರು ಮಿಶನರಿಗಳು ಹಡಗೇರಿ ನಮ್ಮ ಕರಾವಳಿಗೆ ಬಂದ ವೃತ್ತಾಂತವೇ ಆ ಪಾಠವು. ನಮ್ಮಲ್ಲಿ ಕಲಿತುಹೋದವರಿಗೆ ಇದು ಇಂದಿಗೂ ಬಾಯಿಪಾಠವಾಗಿಯೇ ಇದ್ದೀತು. ಹಡಗಿನ ಹೆಸರೇನೆಂದು ಕೇಳಿದರೆ ‘ಮಲಬಾರ್’ ಎಂದೂ, ಬಂದವರಾರೆಂದು ಕೇಳಿದರೆ ಹೆಬಿಕ್, ಲೇನರ್, ಗ್ರೈನರ್ ಎಂದೂ, ಇಳಿದುದೆಲ್ಲಿ ಎಂದರೆ ಕಲ್ಲಿಕೋಟೆಯಲ್ಲಿ ಅಕ್ಟೋಬರ 14ರಂದು ಎಂದೂ, ಮಂಗಳೂರು ಸೇರಿದುದೆಂದು ಎಂದರೆ ಅದೇ ತಿಂಗಳ 30ರಂದು ಎಂದೂ ಒಂದೇ ಉಸಿರಿನಲ್ಲಿ ಹೇಳಬಲ್ಲಿರಿ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ನಾವೂ ಅಷ್ಟಕ್ಕೇ ತೃಪ್ತರಾಗಿದ್ದೆವು.

ಕೆಲವು ವರ್ಷಗಳ ಹಿಂದೆ ಈ ಪಾಠವು ಮುಗಿಯುತ್ತಲೇ, ಬೆಳ್ತಂಗಡಿಯ ಕಡೆಯ ಹಳ್ಳಿಯಿಂದ ಬರುತ್ತಿದ್ದ, ಸಾಧಾರಣವಾಗಿ ಬಾಯ್ದೆರೆಯದ ಒಬ್ಬ ಹುಡುಗಿಯು ಹಿಂದಿನ ಬೆಂಚಿನಿಂದ ಎದ್ದುನಿಂತು, “ಟೀಚರ್, ಅವರು ಬಂದದ್ದು ನಮ್ಮವರಾಗುವುದಕ್ಕೋ, ನಮ್ಮನ್ನು ಆಳುವುದಕ್ಕೋ?” ಎಂದು ಕೇಳಿದಳು. ನಾವು, “ಕಲಿಸುವುದಕ್ಕೆ” ಎಂದೆವು. ಗಂಟೆ ಬಾರಿಸಿತು, ಮಕ್ಕಳು ಹೊರಟುಹೋದರು. ಆದರೆ ಆ ಉತ್ತರವು ನಮಗೆ ಒಪ್ಪಿಗೆಯಾಗಲಿಲ್ಲ. ಮಗುವು ಕೇಳಿದುದು ಒಂದಾದರೆ ನಾವು ಹೇಳಿದುದು ಇನ್ನೊಂದು. ಆ ದಿನ ಹೇಳಬೇಕಾಗಿದ್ದ ಪಾಠವನ್ನು ಈ ಸ್ಮರಣ ಸಂಚಿಕೆಯ ಮೂಲಕ, ಅರ್ಧ ಪಾಠವನ್ನೇ ಕೇಳಿಹೋದ ನಮ್ಮ ಪೂರ್ವ ವಿದ್ಯಾರ್ಥಿನಿಯರ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಡುತ್ತೇವೆ.

ಹೊಸ ದೇಶದಲ್ಲಿ ನೆಲೆಸಲು ಜನರನ್ನು ಹೊತ್ತೊಯ್ದ ಹಡಗುಗಳು ಚರಿತ್ರೆಯಲ್ಲಿ ಅನೇಕವಿವೆ. 1620ರಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನಿಂದ ಹೊರಟ ‘ಮೇಫ್ಲವರ್’ ಎಂಬುದು 102 ಮಂದಿ ಪ್ರಯಾಣಿಕರನ್ನು ಅಮೆರಿಕೆಗೆ ಮುಟ್ಟಿಸಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನರು ಮೊದಲನೆಯ ಚಳಿಗಾಲವನ್ನು ದಾಟಲಾರದೆ ತೀರಿಕೊಂಡರು. ಉಳಿದವರಿಗೆ ಜೋಳ ಬಿತ್ತಲು ಕಲಿಸಿದವರು ಅಲ್ಲಿಯ ಮೂಲನಿವಾಸಿಗಳು. 1788ರಲ್ಲಿ 11 ಹಡಗುಗಳು ಕೂಡಿ ಆಸ್ಟ್ರೇಲಿಯಕ್ಕೆ ಅಪರಾಧಿಗಳನ್ನೂ ಅವರ ಕಾವಲುಗಾರರನ್ನೂ ಒಯ್ದವು. ನಮ್ಮ ದೇಶದ ಬಡವರನ್ನೂ ಹಡಗುಗಳು ಬಿಟ್ಟಿಲ್ಲ; 1860ರಲ್ಲಿ ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು 342 ಮಂದಿಯನ್ನು ದಕ್ಷಿಣ ಆಫ್ರಿಕದ ನೇಟಾಲಿಗೆ ಕಬ್ಬಿನ ತೋಟದ ಕರಾರುಕೂಲಿಗಾಗಿ ಒಯ್ಯಿತು. ಹಡಗೊಂದರ ಚರಿತ್ರೆಯನ್ನು ಓದುವಾಗ ಅದರ ಉದ್ದಗಲಕ್ಕಿಂತ ಮೊದಲಾಗಿ, ಅದನ್ನು ಕಳುಹಿಸಿದವರಾರು, ಏರಿದವರಾರು, ಇಳಿದ ನೆಲವು ಆಗ ಯಾರ ಕೈಯಲ್ಲಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ‘ಮಲಬಾರ್’ ಹಡಗಿನ ವಿಷಯದಲ್ಲಿಯೂ ಇವನ್ನೇ ಕೇಳೋಣ.

ಕಳುಹಿಸಿದುದು 1815ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಮಿಶನ್ ಸಂಘ. ಅದರಲ್ಲಿ ಸೇರಿದ ಯುವಕರು ಹೆಚ್ಚಾಗಿ ದಕ್ಷಿಣ ಜರ್ಮನಿಯ ರೈತರ ಮತ್ತು ಕಸಬುದಾರರ ಮಕ್ಕಳು. ಸಂಘವು ಹುಟ್ಟಿ ಹತ್ತೊಂಬತ್ತು ವರ್ಷಗಳಾಗುವ ವರೆಗೂ ಅದು ಹಿಂದೂದೇಶದ ಈ ಕರೆಗೆ ತನ್ನವರನ್ನು ಕಳುಹಿಸಲಿಲ್ಲ; ಕಾರಣ, ಇಲ್ಲಿಯ ಬಾಗಿಲು ಈಸ್ಟ್ ಇಂಡಿಯಾ ಕಂಪೆನಿಯ ಕೈಯಲ್ಲಿತ್ತು. 1833ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಂಪೆನಿಯ ಸನ್ನದನ್ನು ಹೊಸದಾಗಿ ಬರೆದು, ಪರದೇಶದವರು ಇಲ್ಲಿ ಬಂದು ನೆಲೆಸುವುದಕ್ಕಿದ್ದ ತಡೆಯನ್ನು ಸಡಿಲಿಸಿತು. ಆ ಕಾನೂನು 1834ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಅದೇ ವರ್ಷದ ಜುಲೈಯಲ್ಲಿ ಮೂವರೂ ಇಂಗ್ಲೆಂಡಿನಿಂದ ಹಡಗೇರಿದರು. ಈ ಎರಡು ತಾರೀಕುಗಳು ಎಷ್ಟು ಹತ್ತಿರವಾಗಿವೆ ಎಂಬುದನ್ನು ನಾವು ಮಕ್ಕಳಿಗೆ ತೋರಿಸಿರಲಿಲ್ಲ. ದೇವರು ಬಾಗಿಲನ್ನು ತೆರೆದನೆಂದು ಹಿರಿಯರು ಹೇಳುತ್ತಿದ್ದರು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೀಲಿಕೈಯು ಕಂಪೆನಿಯ ಸೊಂಟದಲ್ಲಿತ್ತೆಂಬುದನ್ನೂ ಮುಚ್ಚಿಡಬಾರದು.

ಜುಲೈಯಲ್ಲಿಯೇ ಹೊರಡಬೇಕಾದುದೇಕೆ? ಇದನ್ನು ಕರಾವಳಿಯ ಮಕ್ಕಳು ಸುಲಭವಾಗಿ ಊಹಿಸಬಲ್ಲರು. ಮುಂಗಾರು ಹಿಡಿದ ಮೇಲೆ ನಮ್ಮ ಬಂದರುಗಳು ಮುಚ್ಚಿಹೋಗುತ್ತಿದ್ದವು. ಅಳಿವೆಯ ಬಾಯಲ್ಲಿ ತೆರೆಗಳು ಮನೆಯೆತ್ತರ ಏಳುವಾಗ ಮಂಜಿಗಳನ್ನೆಲ್ಲ ದಡಕ್ಕೆಳೆದು ಮಡಲು ಹೊದಿಸಿಡುತ್ತಿದ್ದರು. ಮಳೆ ಹಿಂದೆಗೆದು ಕಡಲು ತಣ್ಣಗಾದ ಮೇಲೆಯೇ ದೊಡ್ಡ ಹಡಗು ನಮ್ಮ ಕರೆಯನ್ನು ಸಮೀಪಿಸತಕ್ಕದ್ದು. ಸುಯೇಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಯುರೋಪಿನಿಂದ ಹೊರಟ ಹಡಗು ಆಫ್ರಿಕ ಖಂಡವನ್ನೆಲ್ಲ ಸುತ್ತಿ, ಅದರ ದಕ್ಷಿಣದ ತುದಿಯನ್ನು ಬಳಸಿ, ಹಿಂದೂ ಮಹಾಸಾಗರವನ್ನು ದಾಟಿ ಬರಬೇಕು. ಹಾಯಿಹಡಗಿಗೆ ಗಾಳಿಯೇ ಯಜಮಾನ. ಭೂಮಧ್ಯರೇಖೆಯ ಬಳಿಯಲ್ಲಿ ಗಾಳಿ ನಿಂತುಹೋದರೆ ದಿನಗಟ್ಟಲೆ ಹಾಯಿಯು ಒದ್ದೆಬಟ್ಟೆಯ ಹಾಗೆ ಜೋತುಬಿದ್ದಿರುವುದು. ದಕ್ಷಿಣದಲ್ಲಿ ಬಿರುಗಾಳಿ ಎದ್ದರೆ ಹಾಯಿಯನ್ನು ಮಡಚಿ ಚುಕ್ಕಾಣಿಯನ್ನು ಹಿಡಿದು ಪ್ರಾರ್ಥಿಸುವುದಷ್ಟೇ ಉಳಿಯುವುದು. ಅಂಥ ಹಡಗುಗಳಲ್ಲಿ ಕುಡಿಯುವ ನೀರು ಮರದ ಪೀಪಾಯಿಗಳಲ್ಲಿ ನಿಂತು ವಾಸನೆ ಹಿಡಿಯುತ್ತಿತ್ತು. ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಇವೇ ನಿತ್ಯದ ಊಟ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಪೌಲನ ಹಡಗು ಒಡೆದ ಕಥೆಯನ್ನು ನೀವೆಲ್ಲರೂ ಓದಿರುವಿರಿ. ಆ ಹಡಗಿನಲ್ಲಿದ್ದವರು 276 ಮಂದಿ ಎಂಬ ಲೆಕ್ಕವನ್ನೂ ಅಲ್ಲಿ ಬರೆದಿದೆ. ಮಲಬಾರ್ ಹಡಗಿಗೆ ಅಂಥ ಆಪತ್ತು ಬರಲಿಲ್ಲ. ಸುಮಾರು ಮೂರು ತಿಂಗಳಲ್ಲಿ ಅದು ಕಲ್ಲಿಕೋಟೆಯ ಮುಂದೆ ಲಂಗರು ಹಾಕಿತು.

ಇಲ್ಲಿಗೆ ನಮ್ಮ ಹಳೆಯ ಪಾಠವು ಮೂವರನ್ನು ಥಟ್ಟನೆ ದಡದಲ್ಲಿ ನಿಲ್ಲಿಸುತ್ತಿತ್ತು. ಆದರೆ ದೊಡ್ಡ ಹಡಗುಗಳು ದಡಕ್ಕೆ ಬರಲಾರವು. ಕಲ್ಲಿಕೋಟೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಅವು ದೂರದಲ್ಲಿ, ಆಳವಿದ್ದಲ್ಲಿ ನಿಲ್ಲುವುವು. ಅಲ್ಲಿಂದ ಜನರನ್ನೂ ಸಾಮಾನುಗಳನ್ನೂ ತೆರೆಗಳ ನಡುವಿನಿಂದ ದಡ ಮುಟ್ಟಿಸುವ ಕೆಲಸ ಊರಿನ ದೋಣಿಗಾರರದು. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳದಿಬ್ಬವು ವರ್ಷವರ್ಷವೂ ಜಾಗ ಬದಲಿಸುವುದು. ಯಾವ ತೆರೆಯ ಬೆನ್ನನ್ನೇರಿ ಒಳಗೆ ನುಗ್ಗಬೇಕೆಂಬುದನ್ನು ಬಲ್ಲವರು ಮೊಗವೀರರೂ ಖಾರ್ವಿಗಳೂ ಹೊರತು ಹಡಗಿನ ಕಪ್ತಾನನಲ್ಲ. ಪಣಂಬೂರಿನಲ್ಲಿ ಹೊಸ ಬಂದರು 1974ರಲ್ಲಿ ಆರಂಭವಾಗುವ ವರೆಗೂ ದೊಡ್ಡ ಹಡಗುಗಳಿಗೆ ಇದೇ ವ್ಯವಸ್ಥೆಯಿತ್ತು. ಮೂವರು ಮಿಶನರಿಗಳ ಹೆಸರು ನೂರು ಪುಸ್ತಕಗಳಲ್ಲಿದೆ. ಅವರನ್ನು ದಡಕ್ಕೆ ತಂದವರ ಹೆಸರು ಯಾವ ಪುಸ್ತಕದಲ್ಲಿಯೂ ನಮಗೆ ಕಂಡಿಲ್ಲ.

ಈ ದೋಣಿಗಳ ದಾರಿಯು ಅಳಿವೆಯಲ್ಲಿ ಮುಗಿಯುತ್ತಿರಲಿಲ್ಲ. ನೇತ್ರಾವತಿಯ ಮೇಲೆ ಅವು ಪಾಣೆಮಂಗಳೂರು, ಬಂಟ್ವಾಳಗಳ ವರೆಗೂ ಏರಿಬರುತ್ತಿದ್ದವು. ಮೈಸೂರು ಸೀಮೆಯ ಕಾಫಿ ಮೊದಲಾದವು ಚಾರ್ಮಾಡಿ ಘಟ್ಟವನ್ನಿಳಿದು ಬೆಳ್ತಂಗಡಿಯ ಮೇಲಿನಿಂದ ಎತ್ತುಗಳ ಬೆನ್ನಿನ ಮೇಲೆ ಬಂಟ್ವಾಳದ ಪೇಟೆಗೆ ಬಂದು, ಅಲ್ಲಿ ದೋಣಿಗೇರಿ ಸಮುದ್ರ ಸೇರುತ್ತಿದ್ದವು. ಉಪ್ಪು, ಒಣಮೀನು ಮುಂತಾದವು ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತಿದ್ದವು. ಆದಕಾರಣ ಬಂಟ್ವಾಳದವರು ತಮ್ಮೂರು ಕಡಲಿನಿಂದ ದೂರವೆಂದು ಎಣಿಸಬಾರದು. ಮೂಡಬಿದ್ರೆಯವರಿಗಂತೂ ಇನ್ನೂ ದೊಡ್ಡ ಸಾಕ್ಷಿಯುಂಟು. 1430ರಲ್ಲಿ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯನ್ನು ನಮ್ಮ ಮಕ್ಕಳು ವಿಹಾರಕ್ಕೆ ಹೋದಾಗ ನೋಡಿರುವರು. ಅಲ್ಲಿಯ ಭೈರಾದೇವಿ ಮಂಟಪದ ಜಗಲಿಯ ಕಲ್ಲುಗಳಲ್ಲಿ ಒಂದು ಜಿರಾಫೆಯನ್ನೂ ಚೀನದೇಶದ ರೀತಿಯ ಸರ್ಪವ್ಯಾಳಿಯನ್ನೂ ಕೆತ್ತಿದ್ದಾರೆ. ಜಿರಾಫೆಯು ಕುದುರೆಮುಖದ ಕಾಡಿನ ಪ್ರಾಣಿಯಲ್ಲವಷ್ಟೆ! ಕೆತ್ತಿದವನಿಗೆ ಅದರ ಸುದ್ದಿಯು ಸಮುದ್ರದಿಂದಲೇ ಬಂದಿರಬೇಕು.

ಹೀಗೆ ಹಡಗುಗಳು ಬರುತ್ತಿದ್ದುದು 1834ರಲ್ಲಿ ಹೊಸತೇನೂ ಆಗಿರಲಿಲ್ಲ. ಅದಕ್ಕೂ ಏಳುನೂರು ವರ್ಷಗಳ ಮುಂಚೆ, 1132ರ ಸುಮಾರಿಗೆ, ಅಬ್ರಹಾಮ್ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿ, ಈ ನಾಡಿನ ಅಶು ಎಂಬ ಹೆಂಗಸಿನೊಡನೆ ಸಂಸಾರ ಹೂಡಿ, ಮೆಣಸು ಮೊದಲಾದ ಸರಕುಗಳನ್ನು ಏಡನಿಗೆ ಕಳುಹಿಸುತ್ತಿದ್ದನು. ಅವನ ಕಾಗದಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಲಯವೊಂದರಲ್ಲಿ ದೊರೆತಿವೆ. ಗೋವೆಯಿಂದ ಬಂದ ಕ್ರೈಸ್ತ ಕುಟುಂಬಗಳು ನಮ್ಮ ಮೂರು ಊರುಗಳ ಸುತ್ತಲೂ ಕಾಡು ಕಡಿದು ಗದ್ದೆತೋಟ ಮಾಡಿದುದೂ ಬಾಸೆಲಿನವರು ಬರುವುದಕ್ಕೆ ಎಷ್ಟೋ ಕಾಲ ಮುಂಚೆ. ಚೌಟ ಅರಸರ ವಂಶದ ಉಳ್ಳಾಲದ ರಾಣಿಯನ್ನು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಎಂಬವನು ಕಂಡು ಮಾತಾಡಿದನು. ಮೂಡಬಿದ್ರೆಯಲ್ಲಿ ಚೌಟರ ಅರಮನೆ ಇಂದಿಗೂ ಇದೆ. ಮಲಬಾರ್ ಹಡಗಿನಿಂದಲೇ ನಮ್ಮ ಚರಿತ್ರೆ ಆರಂಭವಾಯಿತೆಂಬ ಭಾವನೆಯನ್ನು ನಮ್ಮ ಪಾಠವು ಮಕ್ಕಳ ಮನಸ್ಸಿನಲ್ಲಿ ಹುಟ್ಟಿಸಿದ್ದರೆ ಆ ತಪ್ಪು ನಮ್ಮದು.

ಇನ್ನು ಮೂರನೆಯ ಪ್ರಶ್ನೆ: ಇಳಿದ ನೆಲವು ಆಗ ಯಾರ ಕೈಯಲ್ಲಿತ್ತು? 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯು ಕಂಪೆನಿಗೆ ಸೇರಿತು. 1834ನೆಯ ಆ ಇಸವಿಯಲ್ಲಿಯೇ, ಹಡಗು ಹೊರಡುವುದಕ್ಕೆ ಎರಡು ಮೂರು ತಿಂಗಳು ಮುಂಚೆ, ಕಂಪೆನಿಯವರು ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡರು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರಿನ ಸೀಮೆಗಳು ಮಂಗಳೂರಿನ ಜಿಲ್ಲೆಗೆ ಬಂದವು. ಅದುವರೆಗೆ ಬೆಳೆದುದರಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ನಗದಾಗಿ ತೆರಬೇಕಾಯಿತು. ಕೈಯಲ್ಲಿ ಕಾಸಿಲ್ಲದವನು ಸಾಹುಕಾರನ ಬಾಗಿಲಿಗೆ ಹೋಗಬೇಕು. ಭತ್ತವನ್ನು ಅಗ್ಗಕ್ಕೆ ಮಾರಬೇಕು. ಮೂರು ವರ್ಷಗಳೊಳಗೆ, 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆಯಿಂದ ದಂಡೆದ್ದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುತ್ತೂರಿನ ಮೇಲಿನಿಂದ ಪಾಣೆಮಂಗಳೂರು, ಬಂಟ್ವಾಳಗಳಿಗೆ ಬಂದು, ಏಪ್ರಿಲ್ ಮೊದಲಲ್ಲಿ ಮಂಗಳೂರನ್ನು ಹಿಡಿದು ಬಾವುಟಗುಡ್ಡದಲ್ಲಿ ತಮ್ಮ ಬಾವುಟವನ್ನೇರಿಸಿದರು. ಕಂಪೆನಿಯ ಅಧಿಕಾರಿಗಳು ಸಮುದ್ರಮಾರ್ಗವಾಗಿ ಕಣ್ಣಾನೂರಿಗೆ ಓಡಿದರು. ಎರಡು ವಾರ ತುಂಬುವುದರೊಳಗೆ ಅಲ್ಲಿಂದ ದಂಡು ಬಂತು. ಬಂಟ್ವಾಳಕ್ಕೆ ಸಮೀಪದ ನಂದಾವರದ ಬಂಗರಸನೇ ಮೊದಲಾದವರು ಗಲ್ಲಿಗೇರಿದರು. ಕೆಲವರನ್ನು ಹಡಗೇರಿಸಿ ಸಮುದ್ರದಾಚೆಗೆ ಗಡೀಪಾರು ಮಾಡಿದರು. ಮಿಶನರಿಗಳನ್ನು ತಂದ ಅದೇ ಕಡಲು ಇವರನ್ನು ಒಯ್ದಿತು. ಬೆಳ್ತಂಗಡಿ, ಬಂಟ್ವಾಳಗಳ ಮಕ್ಕಳ ಅಜ್ಜಂದಿರ ಅಜ್ಜಂದಿರು ಈ ದಂಡನ್ನು ಕಣ್ಣಾರೆ ಕಂಡವರು. ಆ ಹುಡುಗಿಯ ಪ್ರಶ್ನೆಯು ಎಲ್ಲಿಂದ ಹುಟ್ಟಿತೆಂಬುದು ಈಗ ನಮಗೆ ತಿಳಿಯುತ್ತದೆ.

ಬಾಸೆಲಿನವರು ಕಂಪೆನಿಯ ನೌಕರರಾಗಿರಲಿಲ್ಲ. ಅವರು ಇಂಗ್ಲಿಷರೂ ಅಲ್ಲ. ಆದರೆ ಅವರಿಗೆ ಮೊದಲನೆಯ ಆಶ್ರಯ ಕೊಟ್ಟವರು ಕಲ್ಲಿಕೋಟೆ, ಮಂಗಳೂರುಗಳಲ್ಲಿದ್ದ ಕಂಪೆನಿಯ ಅಧಿಕಾರಿಗಳೇ. ಇವೆರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಕ್ಕಳಿಗೆ ಮೋಸ ಮಾಡಿದಂತಾಗುವುದು.

ಬಂದಿಳಿದ ಮೇಲೆ ಅವರು ಮಾಡಿದ ಮೊದಲನೆಯ ಕೆಲಸವೇನು? ನಾವು ಆ ದಿನ “ಕಲಿಸುವುದಕ್ಕೆ” ಎಂದೆವಷ್ಟೆ. ನಿಜವಾಗಿ ಅವರು ಮೊದಲು ಕಲಿಯುವುದಕ್ಕೆ ಕುಳಿತರು. ಊರಿನ ಮುನ್ಶಿಗಳ ಮುಂದೆ ಮೂವತ್ತು ವರ್ಷದ ಗಡ್ಡದ ಗಂಡಸರು ಅಆಇಈ ತಿದ್ದಬೇಕಾಯಿತು. ಕನ್ನಡವನ್ನು ಕಲಿತು ಹಳ್ಳಿಗೆ ಹೋದರೆ ಅಲ್ಲಿ ಮನೆಮಾತು ತುಳು! ಗ್ರೈನರನು ಅದನ್ನೂ ಕಲಿತನು. ಅವನು ತುಳುವಿಗೆ ತಂದ ಮತ್ತಾಯನ ಸುವಾರ್ತೆಯು 1842ರಲ್ಲಿ ಅಚ್ಚಾಯಿತು, ಸಂಪೂರ್ಣ ಹೊಸ ಒಡಂಬಡಿಕೆಯು 1847ರಲ್ಲಿ. ಅಡಿಗೆಮನೆಯಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಮಾತ್ರ ಇದ್ದ ನುಡಿಯು ಕನ್ನಡ ಅಕ್ಷರಗಳಲ್ಲಿ ಅಚ್ಚಿನ ಪುಟವನ್ನೇರಿತು. ಹೆಬಿಕನಿಗೆ ಭಾಷೆಗಳು ಅಷ್ಟು ಸುಲಭವಾಗಿ ಒಲಿಯಲಿಲ್ಲ; ಆತನು 1841ರಲ್ಲಿ ಕಣ್ಣಾನೂರಿಗೆ ಹೋಗಿ 1859ರ ವರೆಗೆ ಅಲ್ಲಿಯೇ ದುಡಿದನು. 1836ರಲ್ಲಿ ಬಂದ ಮೋಗ್ಲಿಂಗನು ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದುದು, ಬಲ್ಮಠದ ಛಾಪಖಾನೆ, 1865ರ ಹಂಚಿನ ಕಾರ್ಖಾನೆ, ಕಿಟ್ಟೆಲರ 1894ರ ನಿಘಂಟು, ಇವೆಲ್ಲ ನಿಮಗೆ ತಿಳಿದ ಸಂಗತಿಗಳಾದುದರಿಂದ ಬೆಳೆಸುವುದಿಲ್ಲ.

ಮಲಬಾರ್ ಹಡಗಿನಲ್ಲಿ ಬಂದ ಮೂವರೂ ಗಂಡಸರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಅಷ್ಟಕ್ಕೇ ನಿಲ್ಲಿಸುವುದು ಸರಿಯಲ್ಲ. ‘ಪರ್ಫೆಕ್ಟ್’ ಎಂಬ ಇನ್ನೊಂದು ಹಡಗು 1836ರಲ್ಲಿ ಮದರಾಸಿಗೆ ಬಂತು. ಅದರಲ್ಲಿ ಹೆರ್ಮನ್ ಗುಂಡರ್ಟನೂ, ಫ್ರೆಂಚ್ ಮಾತಾಡುವ ಸ್ವಿಸ್ ಕನ್ಯೆ ಜೂಲಿ ದ್ಯುಬುವಾ ಎಂಬವಳೂ ಇದ್ದರು. 1838ರಲ್ಲಿ ಅವರು ಮದುವೆಯಾಗಿ, ಅದೇ ವರ್ಷ ಮಂಗಳೂರಿಗೆ ಬಂದು, ಮುಂದಿನ ವರ್ಷ ತಲಚೇರಿಗೆ ಹೋದರು. ಗುಂಡರ್ಟನ ಮಲೆಯಾಳ ನಿಘಂಟನ್ನು ಎಲ್ಲರೂ ಹೊಗಳುವರು. ಜೂಲಿಯಮ್ಮನು ತಲಚೇರಿಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ ಓದುಬರಹವನ್ನೂ ಹೊಲಿಗೆಯನ್ನೂ ಕಲಿಸಿದುದನ್ನು ಕಡಿಮೆ ಜನರು ಬಲ್ಲರು. 1842ರಲ್ಲಿ ಅಲ್ಲಿ ಹುಟ್ಟಿದ ಅವಳ ಮಗಳು ಮರೀಯಳೇ ಮುಂದೆ ನೋಬೆಲ್ ಬಹುಮಾನ ಪಡೆದ ಜರ್ಮನ್ ಗ್ರಂಥಕರ್ತ ಹೆರ್ಮನ್ ಹೆಸ್ಸೆಯ ತಾಯಿ.

ಇಂಥ ತಾಯಂದಿರ ಪಾಲಿಗೆ ಹಡಗೆಂಬುದು ಬೇರೆಯೇ ಅರ್ಥವುಳ್ಳದ್ದಾಗಿತ್ತು. ಮಿಶನರಿಗಳ ಮಕ್ಕಳನ್ನು ಎಳೆಯ ಪ್ರಾಯದಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಯುರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಅದಕ್ಕೆಂದೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಗೃಹವನ್ನು ಸ್ಥಾಪಿಸಿದರು. ಆರೇಳು ವರ್ಷದ ಮಗುವನ್ನು ಹಡಗೇರಿಸಿದ ತಾಯಿಯು ಅದನ್ನು ಮತ್ತೆ ಕಾಣುವಾಗ ಅದು ಬೆಳೆದ ಆಳಾಗಿರುತ್ತಿತ್ತು. ಕೆಲವರು ಕಾಣಲೇ ಇಲ್ಲ. ಊರಿನ ಮಕ್ಕಳನ್ನು ಮಡಿಲಿಗೆ ತೆಗೆದುಕೊಂಡು, ತನ್ನ ಮಕ್ಕಳನ್ನು ಕಡಲಿಗೆ ಒಪ್ಪಿಸಬೇಕಾದ ಈ ಏರ್ಪಾಡು ನಮಗೆ ಹಿತವಾಗಿ ತೋರುವುದಿಲ್ಲ. ನಮ್ಮ ಶಾಲೆಯ ವಸತಿಗೃಹಕ್ಕೆ ಮಗಳನ್ನು ಬಿಟ್ಟು, ಬಂಟ್ವಾಳದ ಬಸ್ಸಿಗೆ ಕಾಯುತ್ತಾ ಕಣ್ಣೊರಸಿಕೊಳ್ಳುವ ತಾಯಂದಿರನ್ನು ಪ್ರತಿ ಜೂನ್ ತಿಂಗಳಲ್ಲಿಯೂ ನೋಡುತ್ತೇವೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎದುರು ದಿಕ್ಕಿನಲ್ಲಿಯೂ ಹಡಗೇರಿದವರುಂಟು. ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿ 1844ರಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯನು 1846ರಲ್ಲಿ ಮೋಗ್ಲಿಂಗನೊಡನೆ ಯುರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ದೀಕ್ಷಿತ ಪಾದ್ರಿಯಾಗಿ ಹಿಂದಿರುಗಿದನು. ಸಮುದ್ರವನ್ನು ದಾಟಿದವನಿಗೆ ಜಾತಿಯಿಲ್ಲವೆಂಬ ಕಾಲವದು. ಪರದೇಶಿಯು ನಮ್ಮ ನುಡಿ ಕಲಿತರೆ ಆಶ್ಚರ್ಯಪಡುವ ನಾವು, ಹಿಮ ಬೀಳುವ ಊರಿನಲ್ಲಿ ಜರ್ಮನ್ ಭಾಷೆಯಲ್ಲಿ ವೇದಾಂತಶಾಸ್ತ್ರ ಓದಿದ ಈ ಮಂಗಳೂರಿನ ತರುಣನನ್ನು ಪಾಠದಲ್ಲಿ ಸೇರಿಸದೆ ಬಿಟ್ಟಿದ್ದೆವು.

ಬಂದ ಹಡಗಿನ ಕಥೆಗೆ ಹೋದ ಹಡಗಿನ ಕಥೆಯೂ ಸೇರಬೇಕು. 1914ರಲ್ಲಿ ಮೊದಲನೆಯ ಮಹಾಯುದ್ಧವು ಹತ್ತಿಕೊಂಡಾಗ ಜರ್ಮನರೆಲ್ಲರೂ ಸರಕಾರಕ್ಕೆ ಶತ್ರುದೇಶದವರಾದರು. ಎಂಬತ್ತು ವರ್ಷಗಳ ಹಿಂದೆ ಕಾನೂನನ್ನು ಸಡಿಲಿಸಿ ಒಳಗೆ ಬಿಟ್ಟ ಅದೇ ಅಧಿಕಾರವು ಈಗ ಅವರನ್ನು ಕಾವಲಿನಲ್ಲಿಟ್ಟಿತು. 1915ರ ಕೊನೆಯಲ್ಲಿಯೂ 1916ರಲ್ಲಿಯೂ ‘ಗೋಲ್ಕೊಂಡ’ ಎಂಬ ಹಡಗು ಭಾರತದಲ್ಲಿದ್ದ ಜರ್ಮನ್ ಮಿಶನರಿಗಳಲ್ಲಿ ಅನೇಕರನ್ನು, ಹೆಂಡರು ಮಕ್ಕಳ ಸಹಿತ, ಯುರೋಪಿಗೆ ಒಯ್ದಿತು. ಹಂಚಿನ ಕಾರ್ಖಾನೆಗಳೂ ನೇಯಿಗೆಯ ಕಾರ್ಖಾನೆಗಳೂ ಬೇರೆ ಕೈಗಳಿಗೆ ಹೋದವು. ಕನ್ನಡನಾಡಿನ ಸಭೆಗಳಲ್ಲಿ, ಶಾಲೆಗಳಲ್ಲಿ ಊರಿನ ಪಾದ್ರಿಗಳೂ ಉಪದೇಶಿಗಳೂ ಉಪಾಧ್ಯಾಯಿನಿಯರೂ ಉಳಿದರು. ಸಂಬಳ ಬರುವುದೋ ಇಲ್ಲವೋ ಎಂಬ ದಿನಗಳಲ್ಲಿ, ಆಣೆಲೆಕ್ಕದಲ್ಲಿ ಶುಲ್ಕ ಕೂಡಿಸಿ, ಬೆಳಿಗ್ಗೆ ಗಂಟೆ ಬಾರಿಸಿದವರು ಅವರು. ನಮಗೆ ಕಲಿಸಿದವರ ಗುರುಗಳು ಆ ತಲೆಮಾರಿನವರೇ.

ಆದುದರಿಂದ, ಬೆಳ್ತಂಗಡಿಯ ಆ ಹುಡುಗಿಗೆ ಇಂದು ನಾವು ಕೊಡುವ ಉತ್ತರವಿಷ್ಟು: ಮಗೂ, ಅವರು ಆಳುವುದಕ್ಕೆ ಬಂದವರಲ್ಲ, ಆದರೆ ಆಳುವವರು ತೆರೆದ ಬಾಗಿಲಿನಿಂದ ಬಂದರು. ನಮ್ಮವರಾಗುವುದಕ್ಕೆಂದು ಹೊರಟವರೂ ಅಲ್ಲ, ನಮ್ಮನ್ನು ಅವರವರನ್ನಾಗಿ ಮಾಡುವುದಕ್ಕೆ ಹೊರಟವರು; ಅವರಲ್ಲಿ ಕೆಲವರು ತುಳು ಕಲಿಯುತ್ತಾ, ಇಲ್ಲಿಯ ಜ್ವರದಲ್ಲಿ ನರಳುತ್ತಾ, ಇಲ್ಲಿಯ ಮಣ್ಣಿನಲ್ಲಿ ತಮ್ಮ ಕೂಸುಗಳನ್ನು ಹೂಳುತ್ತಾ, ತಮಗೆ ತಿಳಿಯದೆಯೇ ನಮ್ಮವರಾದರು. ಎಲ್ಲರೂ ಅಲ್ಲ. ಅವಳೀಗ ತಾನೇ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾಳೆಂದು ಕೇಳಿದ್ದೇವೆ. ಈ ಸಂಚಿಕೆಯು ಅವಳ ಕೈಸೇರಿದರೆ, ಉತ್ತರವು ಸಾಲದೆಂದು ತೋರಿದಲ್ಲಿ ಕಾಗದ ಬರೆಯಲಿ.

ಒಂದು ವಿಜ್ಞಾಪನೆಯುಂಟು. ಮುಂದಿನ ಅಕ್ಟೋಬರದಿಂದ ಈ ಪಾಠದೊಡನೆ ಹೊಳೆಯ ದೋಣಿಗಳ ಪಾಠವನ್ನೂ ಸೇರಿಸುವ ಆಲೋಚನೆಯಿದೆ. 1923ರ ಮತ್ತು 1974ರ ನೆರೆಗಳಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳ ಎಷ್ಟೋ ಮನೆಗಳ ಕಾಗದಪತ್ರಗಳು ಕೊಚ್ಚಿಹೋದವು. ಆದಾಗ್ಯೂ ಯಾರ ಮನೆಯ ಅಟ್ಟದಲ್ಲಾದರೂ ದೋಣಿಯ ಬಾಡಿಗೆಯ ಲೆಕ್ಕ, ಮಂಡಿಯ ಕಡತ, ಹಳೆಯ ಹುಟ್ಟು, ಇಲ್ಲವೆ ಅಜ್ಜಿಯರ ಬಾಯಲ್ಲಿ ಧಕ್ಕೆಯ ಕಡೆಯ ಮಾತೊಂದಿದ್ದರೆ ತಾಯಿತಂದೆಗಳು ಮಕ್ಕಳ ಕೈಯಲ್ಲಿ ಬರೆದು ಕಳುಹಿಸಬೇಕು. ವಸ್ತುಗಳನ್ನು ನೋಡಿದ ಬಳಿಕ ಜೋಪಾನವಾಗಿ ಹಿಂದಕ್ಕೆ ಮುಟ್ಟಿಸಲಾಗುವುದು.